ನಮ್ಮ ಭಾವನ ತಾತನ ಬಯೋನೆಟ್ಟು

ನಮ್ಮ ಭಾವ ಭೋಜರಾಜ ಸುಳ್ಳು ಹೇಳುವವರಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಎದುರಿಗೆ ಕೂತವರು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದರೆ, ಅವರನ್ನು ನಿರಾಸೆಗೊಳಿಸುವ ಶಕ್ತಿ ಮಾತ್ರ ಅವರಿಗಿಲ್ಲ. ಬೀದಿಯಲ್ಲಿ ಯಾರಾದರೂ ದಾರಿ ಕೇಳಿದರೆ ಗೊತ್ತಿಲ್ಲ ಅನ್ನಲಾರದೆ ಯಾವುದೋ ಒಂದು ದಿಕ್ಕಿಗೆ ಕೈ ತೋರಿಸಿಬಿಡುತ್ತಾರೆ. ಮದ್ರಾಸಿನಲ್ಲಿ, ತಮ್ಮ ಮನೆಯಿರುವ ಕೀಲ್ಪಾಕಿನ ಆಸ್ಪತ್ರೆಯೇ ಎಲ್ಲಿ ಅಂತ ಕೇಳಿದವರನ್ನು ಎಗ್ಮೋರ್ ಸ್ಟೇಷನ್ನಿಗೆ ಕಳಿಸಿದ ಪುಣ್ಯಾತ್ಮರು ಅವರು. ಪಾಪ, ಕೆಟ್ಟ ಬುದ್ಧಿಯಿಂದಲ್ಲ, ಬರಿಯ ದಾಕ್ಷಿಣ್ಯದಿಂದ.

ಅವರ ಮಗಳು ನಿಖಿತಾ ಪೆರುಂಗುಡಿಯ ಒಂದು ಕಂಪ್ಯೂಟರ್ ಆಫೀಸಿನಲ್ಲಿದ್ದಳು. ಅದೇ ಆಫೀಸಿನಲ್ಲಿ ಅರವಿಂದ್ ಅಂತ ನಮ್ಮ ಕಡೆಯದೇ ಹುಡುಗ. ಇಬ್ಬರೂ ಮೆಚ್ಚಿಕೊಂಡು, ಮನೆಯಲ್ಲಿ ಹೇಳಿ, ಯಾರೂ ಅಳದೆ, ಯಾರೂ ಊಟ ಬಿಡದೆ ಎರಡೂ ಕಡೆ ಹೂಂ ಅಂದಿದ್ದರು. ಇಷ್ಟು ಸಲೀಸಾಗಿ ಕುದುರಿದ ಸಂಬಂಧವನ್ನು ನಾನಂತೂ ಕಂಡಿರಲಿಲ್ಲ. ಹುಡುಗನ ತಂದೆ ಗಂಗಾಧರ ಅವರು ಒಂದು ದಿನ ಗೊತ್ತು ಮಾಡುವುದಷ್ಟೇ ಬಾಕಿ.

ಗಂಗಾಧರ ಅವರು ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರು. ತಾಂಬರಂನಲ್ಲಿ ಸ್ವಂತ ಮನೆ. ಗೇಟಿನ ಮೇಲೆ ಸುಬೇದಾರ್ ಅನ್ನುವ ಬೋರ್ಡು. ಮುಖದ ಮೇಲೆ ಆ ಬೋರ್ಡಿಗಿಂತ ಅಗಲವಾದ ಮೀಸೆ. ದಿನ ಗೊತ್ತು ಮಾಡಲು ಭಾವ, ಅಕ್ಕ, ನಾನು ಮೂವರೂ ಹೋದೆವು. ನಾನೂ ತಾಂಬರಂನಲ್ಲೇ ಇರುವುದರಿಂದ ದಾರಿ ತೋರಿಸುವ ಜವಾಬ್ದಾರಿ ನನ್ನದು. ಭಾವನಿಗೆ ಬಿಟ್ಟರೆ ಏನಾಗುತ್ತಿತ್ತೋ ಹೇಳಿದ್ದೇನಲ್ಲ.

ಬಜ್ಜಿ ಬಂತು, ಕಾಫಿ ಬಂತು. ಗಂಗಾಧರ ಅವರು ಮೀಸೆ ಒರೆಸಿಕೊಂಡು, "ನನ್ನದು ಒಂದೇ ಮಾತು ಭೋಜರಾಜ್ ಸಾಹೇಬ್ರೆ. ವರದಕ್ಷಿಣೆ ಬ್ಯಾಡ, ಉಪಚಾರ ಬ್ಯಾಡ. ಹೆಣ್ಣಿನ ಮನೇಲಿ ಒಂದು ಡಿಸಿಪ್ಲಿನ್ ಇರ್ಬೇಕು. ನಿಮ್ಮ ವಂಶದಲ್ಲಿ ಯಾರಾದ್ರೂ ಸೈನ್ಯದಲ್ಲಿದ್ರಾ?" ಅಂದರು.

ಇಲ್ಲ ಅಂದಿದ್ದರೂ ಅವರು ಏನೂ ಅನ್ನುತ್ತಿರಲಿಲ್ಲ ಅಂತ ಇವತ್ತಿಗೂ ನನ್ನ ನಂಬಿಕೆ. ಆದರೆ ಅವರು ಕಾಯುತ್ತಿದ್ದರು. ಕಾಯುವವರನ್ನು ಕಂಡರೆ ಭಾವನಿಗೆ ಆಗುವುದಿಲ್ಲ.

"ನಮ್ಮ ತಾತ ಇದ್ರು," ಅಂದರು ಭಾವ.

"ಹೌದಾ? ಯಾವ ಯುದ್ಧ?"

"ಮೊದಲನೇದು."

"ಎಲ್ಲಿ?"

ಭಾವ ಒಮ್ಮೆ ಸೂರು ನೋಡಿದರು. ಶಾಲೆಯಲ್ಲಿ ಓದಿದ್ದು ಯಾವುದೋ ಮೂಲೆಯಿಂದ ಎದ್ದು ಬಂತು. "ಮೆಸಪಟೋಮಿಯಾ."

ಅಕ್ಕನ ಕೈಯಲ್ಲಿದ್ದ ಬಜ್ಜಿ ತಟ್ಟೆಗೆ ವಾಪಸು ಹೋಯಿತು. ಗಂಗಾಧರ ಅವರು ಕುರ್ಚಿಯಲ್ಲಿ ನೆಟ್ಟಗಾದರು. "ಏನಾದ್ರೂ ಗುರುತು ಉಳ್ಕೊಂಡಿದ್ಯಾ?"

"ಅವರ ಬಯೋನೆಟ್ಟು ಇದೆ. ಬಂದೂಕದ ಮೂತಿಗೆ ಸಿಗಿಸ್ತಾರಲ್ಲ, ಆ ಕತ್ತಿ. ಮನೇಲೇ ಇದೆ."

ಬಯೋನೆಟ್ಟು ಮನೆಯಲ್ಲಿದ್ದದ್ದು ನಿಜ. ಅದು ತಾತನದು ಅನ್ನುವುದಷ್ಟೇ ಸುಳ್ಳು. ಗಂಗಾಧರ ಅವರು ಎದ್ದು ಭಾವನ ಕೈ ಹಿಡಿದು ಕುಲುಕಿ, "ಬರೋ ಭಾನುವಾರ ನಾನೇ ಬರ್ತೀನಿ. ಆ ಆಯುಧಕ್ಕೆ ಒಂದು ಸಲ್ಯೂಟ್ ಹೊಡೆದು, ಅದರ ಎದುರಿಗೇ ದಿನ ಗೊತ್ತು ಮಾಡೋಣ," ಅಂದರು. ಅವರ ಹೆಂಡತಿ ಸಾಕಮ್ಮ ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅರವಿಂದ್ ಮಾತ್ರ ಗಾಬರಿಯಾಗಿದ್ದ. ನಿಖಿತಾ ಅವನಿಗೆ ಮನೆಯ ಪಾತ್ರೆ ಪಡಗದವರೆಗೆ ಎಲ್ಲ ಹೇಳಿದ್ದಳು, ಮೆಸಪಟೋಮಿಯಾ ಒಂದನ್ನು ಹೇಳಿರಲಿಲ್ಲ.

ಈಗ ಆ ಬಯೋನೆಟ್ಟಿನ ನಿಜವಾದ ಚರಿತ್ರೆ. ಭಾವನ ತಾಯಿ ಶಾರದಮ್ಮನವರು ಕೀಲ್ಪಾಕಿಗೆ ಬಂದ ಹೊಸದರಲ್ಲಿ, ಹಳೇ ಕಬ್ಬಿಣದ ಗಾಡಿಯವನಿಗೆ ತೂತು ಬಿದ್ದ ಬಕೆಟ್ಟು ಕೊಟ್ಟು ಅದನ್ನು ತಗೊಂಡಿದ್ದರು. ಅದರ ಹಿಡಿಯನ್ನು ಒಂದು ಮರದ ದಿಮ್ಮಿಗೆ ಹೂತು, ಮೊನೆ ಮೇಲಾಗಿ ನಿಲ್ಲಿಸಿ, ಅರಸೀಕೆರೆಯಿಂದ ಮೂಟೆಯಲ್ಲಿ ಬರುತ್ತಿದ್ದ ತೆಂಗಿನಕಾಯಿಗಳನ್ನು ಅದರ ಮೇಲೆ ಕುಕ್ಕಿ ಸುಲಿಯುತ್ತಿದ್ದರು. ಹಾಗೆ ಸುಲಿದ ನಾರಿನಲ್ಲಿ ಅವರಿದ್ದ ಫ್ಲಾಟುಗಳ ಇಡೀ ಕಟ್ಟಡದ ಪಾತ್ರೆಗಳು ಬೆಳಗುತ್ತಿದ್ದವು. ಒಮ್ಮೆ ಊಟಕ್ಕೆ ಬಂದಿದ್ದ ಭಾವನ ಆಫೀಸಿನವರೊಬ್ಬರು ನೋಡಿ ಇದು ಬಯೋನೆಟ್ಟು ಕಣ್ರೀ ಅನ್ನದಿದ್ದರೆ, ಅದು ಸಾಯುವವರೆಗೂ ಸುಲಿಗೋಲಾಗಿಯೇ ಇರುತ್ತಿತ್ತು.

"ಅಪ್ಪಾ, ಇದೆಲ್ಲಾ ತೇವೆಯಾ?" ಅಂದಳು ನಿಖಿತಾ, ಸಂಜೆ ವಿಷಯ ತಿಳಿದಾಗ. ಅವಳು ಕೋಪ ಬಂದರೆ ತಮಿಳಿಗೆ ಇಳಿಯುತ್ತಾಳೆ. ಬೇಕಿತ್ತಾ ಇದು ಅಂತ ಅದರ ಅರ್ಥ. "ನಾನೇ ಅಂಕಲ್‌ಗೆ ಫೋನ್ ಮಾಡಿ ನಿಜ ಹೇಳಿಬಿಡ್ತೀನಿ."

"ಹೇಳಿದ್ರೆ ಆಯ್ತು," ಅಂದರು ಭಾವ. "ಸುಳ್ಳರ ಮನೆ ಹುಡುಗಿ ಬ್ಯಾಡ ಅಂತಾರೆ. ಹೇಳು."

ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಭಾವನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಅದರ ಮುಂದೆ ಮೆಸಪಟೋಮಿಯಾ ಎಷ್ಟೋ ವಾಸಿ.

ಸರಿ, ರಿಪೇರಿ ಶುರುವಾಯಿತು. ಮದುವೆ ಖರ್ಚು ಎದುರಿಗಿರುವಾಗ ಇದಕ್ಕೆ ಜಾಸ್ತಿ ಸುರಿಯುವ ಹಾಗಿರಲಿಲ್ಲ. ಮನೆಯಲ್ಲಿರುವುದರಲ್ಲೇ ಮುಗಿಸಬೇಕು ಅಂತ ಭಾವ ತೀರ್ಮಾನಿಸಿದರು. ಮೊದಲ ಕೆಲಸ ದಿಮ್ಮಿಯಿಂದ ಕೀಳುವುದು. ನಾನು ದಿಮ್ಮಿ ಹಿಡಿದೆ, ಭಾವ ಎಳೆದರು. ಶಾರದಮ್ಮನವರು ಎದುರಿಗೆ ಕೂತು, "ಎಳೀರಪ್ಪ, ಎಳೀರಿ. ನಾಳೆ ಕಾಯಿ ಯಾರ ತಲೆ ಮೇಲೆ ಸುಲೀಲಿ?" ಅನ್ನುತ್ತಿದ್ದರು. ಅದು ಕೊನೆಗೆ ಒಮ್ಮೆಲೇ ಕಿತ್ತು ಬಂದು ಭಾವ ಫ್ರಿಜ್ಜಿಗೆ ಹೋಗಿ ಒರಗಿದರು. ಹಿಡಿಯ ಎರಡು ಪಕ್ಕದ ಮರ ಗೆದ್ದಲು ತಿಂದು ಪುಡಿಯಾಗಿತ್ತು. ಅಲಗು ಪೂರ್ತಿ ಕೆಂಪು ತುಕ್ಕು. ಮೊನೆ ಮಾತ್ರ, ದಿನಾ ಕಾಯಿ ತಿಂದು ತಿಂದು, ಥಳಥಳ.

ತುಕ್ಕಿಗೆ ಒಂದು ರಾತ್ರಿ ಸೀಮೆಎಣ್ಣೆಯ ಸ್ನಾನವಾಯಿತು. ಮಾರನೆಯ ದಿನ ಹುಣಸೇಹಣ್ಣು, ಇಟ್ಟಿಗೆ ಪುಡಿ, ಅದೇ ತೆಂಗಿನ ನಾರು. ಹಿತ್ತಾಳೆ ಚೊಂಬಿಗೆ ಒಪ್ಪುವ ಉಪಚಾರ ಕಬ್ಬಿಣಕ್ಕೆ ಒಪ್ಪುತ್ತದೆಯೇ ಅಂತ ನಾನು ಕೇಳಿದೆ. "ಕಬ್ಬಿಣ ಅಲ್ಲ ಕಣೋ ಮಂಜುನಾಥ, ಉಕ್ಕು," ಅಂದರು ಭಾವ, ಅದರಿಂದ ಎಲ್ಲ ಬಗೆಹರಿಯಿತು ಅನ್ನುವ ಹಾಗೆ. ತುಕ್ಕು ಹೋಯಿತು. ಜೊತೆಗೆ ಬುಡದಲ್ಲಿದ್ದ ಹಳೆಯ ಅಕ್ಷರ, ಅಂಕಿ ಏನೇನಿತ್ತೋ ಅದೂ ಹೋಯಿತು. ಒಳ್ಳೇದೇ ಆಯ್ತು, ಅದು ಏನು ಹೇಳ್ತಿತ್ತೋ ಏನೋ ಅಂತ ಭಾವ ಸಮಾಧಾನಪಟ್ಟರು.

ಇನ್ನು ಸಾಣೆ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಚಾಕು, ಕತ್ತರಿ ಹರಿತ ಮಾಡುವವನು ಬೀದಿಯಲ್ಲಿ ಕೂಗಿಕೊಂಡು ಬಂದ. ಭಾವ ಅವನನ್ನು ಕಾಂಪೌಂಡಿನ ಒಳಗೇ ಕರೆಸಿ ನಿಲ್ಲಿಸಿದರು. ಅವನು ಪೆಡಲ್ ತುಳಿದ, ಕಿಡಿ ಹಾರಿತು, ಭಾವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತರು. ಆಗ ಕಾವೇರಿ ನೀರಿನ ಗಲಾಟೆ ಜೋರಾಗಿ ನಡೆಯುತ್ತಿದ್ದ ಕಾಲ. ಪೇಪರಿನಲ್ಲಿ ದಿನಾ ಅದೇ. ಆ ಕಟ್ಟಡದಲ್ಲಿದ್ದ ಒಂದೇ ಒಂದು ಕನ್ನಡದ ಮನೆಯ ಯಜಮಾನ ಹಗಲು ಹೊತ್ತಿನಲ್ಲಿ, ಎಲ್ಲರೆದುರಿಗೆ, ಮೊಣಕೈಯುದ್ದದ ಕತ್ತಿಗೆ ಸಾಣೆ ಹಿಡಿಸುತ್ತಿದ್ದಾನೆ. ಇದರಿಂದ ನೋಡುವವರಿಗೆ ಏನನ್ನಿಸಬಹುದು ಅನ್ನುವ ಯೋಚನೆ ಭಾವನ ಹತ್ತಿರ ಸುಳಿಯಲೇ ಇಲ್ಲ.

ಮೊದಲು ಮೇಲಿನ ಕಿಟಕಿಗಳು ತೆರೆದವು, ಆಮೇಲೆ ಮುಚ್ಚಿದವು. ಸ್ವಲ್ಪ ಹೊತ್ತಿಗೆ ಕಟ್ಟಡದ ಸಂಘದ ಕಾರ್ಯದರ್ಶಿ ನಾಗರಾಜನ್ ಇಳಿದು ಬಂದರು. ಬಹಳ ಸಭ್ಯ ಮನುಷ್ಯ. ದೂರದಲ್ಲೇ ನಿಂತು, "ಸಾರ್, ಎದುವಾ ಇರುಂದಾಲುಂ ಪೇಸಿ ತೀರ್ತುಕ್ಕಲಾಂ," ಅಂದರು. ಏನೇ ಇದ್ದರೂ ಮಾತಾಡಿ ಬಗೆಹರಿಸಿಕೊಳ್ಳೋಣ ಅಂತ.

ಭಾವನಿಗೆ ತಮಿಳು ಚೆನ್ನಾಗಿ ಬರುತ್ತದೆ. ಆದರೆ ಅವರ ಮನಸ್ಸು ಅಲಗಿನ ಮೇಲಿತ್ತು. "ಮಾತಾಡೋ ಕಾಲ ಮುಗೀತು ಸಾರ್. ಭಾನುವಾರದೊಳಗೆ ಆಗ್ಬೇಕು," ಅಂದರು ತಮಿಳಿನಲ್ಲೇ.

ನಾಗರಾಜನ್ ಮೆಟ್ಟಿಲು ಹತ್ತಿ ಹೋದರು. ಮಾರನೆಯ ಬೆಳಿಗ್ಗೆ ನೀರಿನ ಲಾರಿ ಬಂದಾಗ ಬಿಂದಿಗೆ ಹಿಡಿದು ಕೆಳಗೆ ಓಡಿದ ಅಕ್ಕನಿಗೆ ಒಂದು ಆಶ್ಚರ್ಯ ಕಾದಿತ್ತು. ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾಗರಾಜನ್ ಖುದ್ದಾಗಿ ಪೈಪು ಹಿಡಿದು, "ಮೊದಲು ನೀವು ಹಿಡೀರಿ ಮಾಮಿ. ಎಷ್ಟು ಬೇಕೋ ಹಿಡೀರಿ. ನೀರು ಎಲ್ಲರದೂ," ಅಂದರು. ಎರಡು ರಾಜ್ಯಗಳು ಇಷ್ಟು ವರ್ಷ ಕಿತ್ತಾಡಿ ಸಾಧಿಸದೇ ಇದ್ದದ್ದನ್ನು ನಮ್ಮ ಭಾವ ಒಂದು ಸಾಣೆ ಕಲ್ಲಿನಿಂದ ಸಾಧಿಸಿದರು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅಕ್ಕನಿಗೆ ಅದು ಇಷ್ಟವಾಗುವುದಿಲ್ಲ, ಆದರೆ ಆ ವಾರ ಅವಳ ಮನೆಯ ಬಕೆಟ್ಟುಗಳೆಲ್ಲ ತುಂಬಿದ್ದವು.

ಹಿಡಿಗೆ ಮರ ಬೇಕಾಗಿತ್ತು. ತೇಗದ ತುಂಡಿಗೆ ಅಂಗಡಿಯವನು ಹೇಳಿದ ಬೆಲೆ ಕೇಳಿ ಭಾವ ನಕ್ಕು ವಾಪಸು ಬಂದರು. ಆ ಮಧ್ಯಾಹ್ನ ಅಕ್ಕನ ಲಟ್ಟಣಿಗೆ ಕಾಣೆಯಾಯಿತು. ಉದ್ದಕ್ಕೆ ಸೀಳಿದ ಲಟ್ಟಣಿಗೆ ಎರಡು ಪಕ್ಕಕ್ಕೆ ಎಷ್ಟು ಸರಿಯಾಗಿ ಕೂತಿತೆಂದರೆ, ಮಿಲಿಟರಿಯವರೂ ಲಟ್ಟಣಿಗೆಯನ್ನೇ ಬಳಸುತ್ತಿದ್ದರೇನೋ ಅಂತ ನನಗೆ ಅನುಮಾನ ಬಂತು. ಒರೆ ಮಾಡಿದ್ದು ನೀರಿನ ಪ್ಲಾಸ್ಟಿಕ್ ಪೈಪಿನ ತುಂಡಿನಲ್ಲಿ. ಅದನ್ನು ನಾನೇ ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ತಂದೆ. ಬೂಟ್ ಪಾಲಿಶ್ ಬಳಿದ ಮೇಲೆ ಅದು ಚರ್ಮದ ಹಾಗೇ ಕಂಡಿತು, ದೂರದಿಂದ. ಹತ್ತಿರದಿಂದ ಬೂಟಿನ ವಾಸನೆ ಬರುತ್ತಿತ್ತು. ಸೈನಿಕನಿಗೆ ಅದು ಪರಿಚಿತ ವಾಸನೆ ಅಂತ ಭಾವ ಅಂದರು.

ಚಪಾತಿ ನಿಂತುಹೋದ ಮನೆಯಲ್ಲಿ ಮೂರು ಹೊತ್ತೂ ಅನ್ನ ತಿಂದುಕೊಂಡು ನಾವು ಶನಿವಾರ ಮುಟ್ಟಿದೆವು. ಆ ದಿನ ಅಕ್ಕ ಗಂಡಿನ ಮನೆಯವರಿಗೆ ಕೊಡಲು ಎವರ್‌ಸಿಲ್ವರ್ ಅನ್ನುವ ಸ್ಟೀಲಿನ ತಟ್ಟೆ, ಲೋಟ, ಡಬ್ಬಿ ತಗೊಳ್ಳಲು ಪಾತ್ರೆ ಅಂಗಡಿಗೆ ಹೊರಟಳು. ನಮ್ಮ ಜನ ಪಾತ್ರೆ ಕೊಂಡರೆ ಅದರ ಮೇಲೆ ಹೆಸರು ಕೊರೆಸದೆ ಮನೆಗೆ ತರುವುದಿಲ್ಲವಷ್ಟೆ. ಶಾರದಮ್ಮನವರು ವಾರದಿಂದ ಒಂದೇ ಚಿಂತೆಯಲ್ಲಿದ್ದರು: ಬೀಗರು ಬರುತ್ತಾರೆ, ಕೈಯಲ್ಲಿ ಹಿಡಿಯುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ತಗೊಂಡೇ ಹೋಗುತ್ತಾರೆ. ಹೆಸರಿಲ್ಲದೆ ಮನೆಯಿಂದ ಹೊರಗೆ ಹೋದ ಯಾವ ಸಾಮಾನೂ ಇವತ್ತಿನವರೆಗೆ ವಾಪಸು ಬಂದಿರಲಿಲ್ಲ; ಅವರ ಇಡ್ಲಿ ಪಾತ್ರೆ ಈಗಲೂ ನಾಗರಾಜನ್ ಅವರ ಮನೆಯಲ್ಲಿದೆ. ಹಾಗಾಗಿ ಬಯೋನೆಟ್ಟನ್ನು ಹಳೇ ಪೇಪರಿನಲ್ಲಿ ಸುತ್ತಿ ಸೊಸೆಯ ಚೀಲಕ್ಕೆ ಹಾಕಿ, "ಜಯಾ, ಇದಕ್ಕೂ ನನ್ನ ಹೆಸರು ಹಾಕಿಸ್ಕೊಂಡು ಬಾ," ಅಂದರು.

ಅಂಗಡಿಯಲ್ಲಿ ರಶ್ಶು. ಕೊರೆಯುವವನು ಮಿಷನ್ನಿನಿಂದ ತಲೆ ಎತ್ತದೆ, ಏನು ಹಾಕಬೇಕು ಅಂದ. ಅಕ್ಕ, "ಎಲ್ಲಾದಕ್ಕೂ ಒಂದೇ ತರ," ಅಂದುಬಿಟ್ಟಳು. ಕೊರೆದು, ಪೇಪರಿನಲ್ಲಿ ಮತ್ತೆ ಸುತ್ತಿಟ್ಟಿದ್ದನ್ನು ಹಾಗೇ ಎತ್ತಿಕೊಂಡು ಬಂದಳು.

ಭಾನುವಾರ ಬೆಳಿಗ್ಗೆ ಭಾವ ಪೇಪರ್ ಬಿಚ್ಚಿದರು. ಅಲಗಿನ ಒಂದು ಮಗ್ಗುಲಲ್ಲಿ, ಚುಕ್ಕಿ ಚುಕ್ಕಿ ತಮಿಳು ಅಕ್ಷರದಲ್ಲಿ, ಎರಡು ಪಕ್ಕ ಒಂದೊಂದು ಹೂವಿನ ಸಮೇತ, ಹೀಗೆ ಬರೆದಿತ್ತು: "ಅನ್ಬಳಿಪ್ಪು: ಶಾರದಮ್ಮ." ಅಂದರೆ, ಶಾರದಮ್ಮನವರ ಪ್ರೀತಿಯ ಕಾಣಿಕೆ, ಬೀಗರ ತಟ್ಟೆ ಲೋಟಗಳ ಮೇಲಿದ್ದ ಹಾಗೇ.

ಭಾವ ಕೂತುಕೊಂಡರು. ಉಪ್ಪುಕಾಗದ ತಂದು ಉಜ್ಜಿದೆವು. ಉಜ್ಜಿದಷ್ಟೂ ಹೂವು ಇನ್ನೂ ಚೆನ್ನಾಗಿ ಕಾಣತೊಡಗಿತು. ಅಷ್ಟರಲ್ಲಿ ಬೆಲ್ ಆಯಿತು. ಬಯೋನೆಟ್ಟನ್ನು ಮೇಜಿನ ಮೇಲೆ, ಹೆಸರು ಕೆಳಗಾಗಿ, ಒಂದು ಮಖಮಲ್ಲಿನ ರವಿಕೆ ಬಟ್ಟೆ ಹಾಸಿ ಮಲಗಿಸಿದೆವು.

ಗಂಗಾಧರ ಅವರು ಎದೆ ಉಬ್ಬಿಸಿಕೊಂಡು ಬಂದರು. ಹಿಂದೆ ಸಾಕಮ್ಮ, ಅರವಿಂದ್. ಸುಬೇದಾರರು ಮೇಜಿನ ಮುಂದೆ ಕಾಲು ಜೋಡಿಸಿ ಸಲ್ಯೂಟ್ ಹೊಡೆದರು. ನಮಗೆ ಏನು ಮಾಡಬೇಕೋ ತೋಚದೆ ನಾವೂ ಹೊಡೆದೆವು. ಆಮೇಲೆ ಅವರು ಅದನ್ನು ಎತ್ತಿ ಬದನೆಕಾಯಿ ತೂಗುವವರ ಹಾಗೆ ಕೈಯಲ್ಲಿ ತೂಗಿ, "ಒರಿಜಿನಲ್. ಹಿಡಿ ನೋಡ್ರಿ, ಈಗಿನವಕ್ಕೆ ಇಂಥ ಮರ ಹಾಕಲ್ಲ," ಅಂದರು. ಅಕ್ಕ ಅಡುಗೆಮನೆಯ ಕಡೆ ತಿರುಗಿ ನಿಂತಳು. ಲಟ್ಟಣಿಗೆ ಅವಳ ತವರಿನದು.

ಅವರು ಮಗ್ಗುಲು ತಿರುಗಿಸಿದರು. ತಾಂಬರಂನಲ್ಲಿ ಅಷ್ಟು ವರ್ಷ ಇದ್ದವರಿಗೆ ತಮಿಳು ಓದಲು ಬರದೆ ಇರುತ್ತದೆಯೇ? ಓದಿದರು. "ಶಾರದಮ್ಮ?"

"ಶೃಂಗೇರಿ ಶಾರದಮ್ಮ," ಅಂದರು ಭಾವ ಥಟ್ಟನೆ. "ತಾತ ಅವರ ಭಕ್ತರು. ಅಮ್ಮನೋರ ಹೆಸರು ಹೇಳ್ಕೊಂಡೇ ನುಗ್ತಿದ್ರಂತೆ."

"ತಮಿಳಲ್ಲಿ?"

"ಮದ್ರಾಸ್ ರೆಜಿಮೆಂಟು."

ಗಂಗಾಧರ ಅವರ ಕಣ್ಣಲ್ಲಿ ನೀರು ಬಂತು. ಇನ್ನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರು ಮೊದಲ ಪದವನ್ನೂ ಓದಿದರು, ಎರಡು ಸಲ ಓದಿದರು, ಬಯೋನೆಟ್ಟನ್ನು ಎದೆಗೆ ಒತ್ತಿಕೊಂಡರು. "ಕಾಣಿಕೆ ಅಂತ ಬರ್ದಿದ್ದೀರಿ. ತಾತನ ಆಯುಧಾನೇ ನನಗೆ ಕೊಡ್ತಾ ಇದ್ದೀರಾ ಭೋಜರಾಜ್? ಬ್ಯಾಡ ಅನ್ನೋ ಧೈರ್ಯ ನನಗಿಲ್ಲ. ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸ್ತೀನಿ."

ಅವರು ಕಾಯುತ್ತಿದ್ದರು. "ನಿಮಗೇ," ಅಂದರು ಭಾವ.

ಮೂಲೆಯ ಕುರ್ಚಿಯಲ್ಲಿದ್ದ ಶಾರದಮ್ಮನವರು ಆಗ ಎದ್ದರು. "ಯಾರ್ದು ಯಾರಿಗೆ ಕೊಡ್ತಿದ್ದೀಯೋ? ಅದು ನನ್ನ ಕಾಯಿ ಸುಲಿಯೋದು. ಶೃಂಗೇರಿ ಅಲ್ಲಪ್ಪ, ಆ ಶಾರದಮ್ಮ ನಾನೇ. ಗುಜರಿಯವನಿಗೆ ಬಕೆಟ್ಟು ಕೊಟ್ಟು ತಗೊಂಡಿದ್ದು. ಇವನ ತಾತ, ನಮ್ಮ ಮಾವ, ಅರಸೀಕೆರೇಲಿ ಬಟ್ಟೆ ಅಂಗಡಿ ಇಟ್ಕೊಂಡಿದ್ರು. ಮನೇಲಿ ಕೋಳಿ ಕೊಯ್ದ್ರೆ ನೋಡಕ್ಕಾಗ್ದೆ ತೋಟಕ್ಕೆ ಹೋಗಿ ಕೂರ್ತಿದ್ರು. ಅವರು ಯಾವ ಮಿಸಾಪಟ್ಟಿಗೂ ಹೋದೋರಲ್ಲ."

ಕಾಫಿ ತಟ್ಟೆ ಹಿಡಿದು ಬಂದಿದ್ದ ನಿಖಿತಾ ಬಾಗಿಲಲ್ಲೇ ನಿಂತಳು. ಅರವಿಂದ್ ಅಪ್ಪನ ಮುಖ ನೋಡುತ್ತಿದ್ದ. ಇಷ್ಟು ಸಲೀಸಾಗಿ ಕುದುರಿದ ಸಂಬಂಧ ಇಷ್ಟೇ ಸಲೀಸಾಗಿ ಮುರಿಯಿತಲ್ಲ ಅಂತ ನನಗೆ ನಿಜವಾಗಲೂ ಸಂಕಟವಾಯಿತು.

ಗಂಗಾಧರ ಅವರ ಮೀಸೆ ಕೆಳಗಿಳಿದಿತ್ತು. "ಭೋಜರಾಜ್, ಸ್ವಲ್ಪ ಬಾಲ್ಕನಿಗೆ ಬನ್ನಿ. ಮಂಜುನಾಥ್, ನೀವೂ ಬನ್ನಿ, ಒಬ್ರು ಸಾಕ್ಷಿ ಇರ್ಲಿ," ಅಂದರು. ಸಾಕ್ಷಿ ಅಂದ ಕೂಡಲೇ ಭಾವ ನನ್ನ ತೋಳು ಹಿಡಿದುಕೊಂಡರು. ಬಯೋನೆಟ್ಟು ಇನ್ನೂ ಸುಬೇದಾರರ ಕೈಯಲ್ಲೇ ಇತ್ತು.

ಬಾಲ್ಕನಿ ಬಾಗಿಲನ್ನು ಅವರೇ ಎಳೆದುಕೊಂಡರು. ಎದುರು ಮನೆಯ ಬಾಲ್ಕನಿಯಲ್ಲಿದ್ದ ನಾಗರಾಜನ್ ಅದನ್ನು ಕಂಡು ಒಳಗೆ ಹೋಗಿಬಿಟ್ಟರು.

"ನಾನು ಮಿಲಿಟರಿಯಲ್ಲಿ ಎಲ್ಲಿದ್ದೆ ಗೊತ್ತಾ?" ಅಂದರು ಗಂಗಾಧರ ಅವರು, ದನಿ ತಗ್ಗಿಸಿ.

"ಬಾರ್ಡರ್‌ನಲ್ಲಿ ಅಂದಿದ್ರಿ," ಅಂದರು ಭಾವ.

"ಬಾರ್ಡರ್ ಹತ್ರಾನೇ. ಮಿಲಿಟರಿ ಡೈರಿ ಫಾರಂ. ಎಮ್ಮೆ. ಪೂರ್ತಿ ಸರ್ವೀಸು ಎಮ್ಮೆ. ರೆಜಿಮೆಂಟಿಗೆ ಹಾಲು ಹೋಗ್ಬೇಕಲ್ರೀ, ಯಾರಾದ್ರೂ ಇರ್ಬೇಕಲ್ಲ. ಸಾಕಮ್ಮ ಆಗ ಊರಲ್ಲಿದ್ಲು. ರಜೆಗೆ ಹೋದಾಗ ಯುದ್ಧ ಹೇಗಿತ್ತು ಅಂದ್ಲು. ಹುಡುಗ ಕೇಳ್ದ. ಬೀದಿಯೋರು ಕೇಳಿದ್ರು. ಎಲ್ರೂ ಕಾಯ್ತಿದ್ರು." ಅವರು ಬಯೋನೆಟ್ಟು ನೋಡಿದರು. "ನಾನು ಇಂಥದನ್ನ ಕೈಯಲ್ಲಿ ಹಿಡಿದಿದ್ದು ಇವತ್ತೇ ಮೊದ್ಲು. ಕಾಯಿ ಸುಲಿಯೋದಕ್ಕೆ ಸಲ್ಯೂಟ್ ಹೊಡೆದು ಒರಿಜಿನಲ್ ಅಂದೆನಲ್ಲ, ಇನ್ಮೇಲೆ ಸಾಕಮ್ಮ, ಹುಡುಗ ಏನು ಕೇಳ್ತಾರೆ ಹೇಳಿ. ಇಷ್ಟು ವರ್ಷ ಇದ್ದೋನಿಗೆ ಅಷ್ಟೂ ಗೊತ್ತಾಗ್ಲಿಲ್ವಾ ಅಂತ ಕೇಳ್ತಾರೆ. ನಿಮ್ಮ ತಾತ ಯುದ್ಧಕ್ಕೆ ಹೋಗ್ಲೇಬೇಕು ಭೋಜರಾಜ್. ದಯವಿಟ್ಟು ಕಳಿಸಿ."

ಭಾವ ಅವರ ಕೈ ಹಿಡಿದುಕೊಂಡರು. ಜನ್ಮದಲ್ಲೇ ಅಷ್ಟು ಸಂತೋಷವಾಗಿ ಅವರು ಯಾರಿಗೂ ಉಪಕಾರ ಮಾಡಿರಲಿಲ್ಲ.

ಮೂವರೂ ಒಳಗೆ ಬಂದೆವು. ಗಂಗಾಧರ ಅವರ ಮೀಸೆ ತನ್ನ ಜಾಗಕ್ಕೆ ಹೋಗಿತ್ತು. "ಅಮ್ಮಾ," ಅಂದರು ಶಾರದಮ್ಮನವರಿಗೆ, ಎಲ್ಲರಿಗೂ ಕೇಳುವ ಹಾಗೆ. "ನೀವು ಹೇಳಿದ್ದು ಸರೀನೇ. ಆದ್ರೆ ಪೂರ್ತಿ ಅಲ್ಲ. ಮಿಲಿಟರಿಯೋರು ಮನೆ ಹೆಂಗಸರ ಹತ್ರ ಯುದ್ಧದ ಮಾತು ಆಡಲ್ಲ. ಸಾಕಮ್ಮನ್ನೇ ಕೇಳಿ, ನಾನು ಎಷ್ಟು ಹೇಳಿದ್ದೀನಿ? ನಿಮ್ಮ ಮಾವನೋರು ಹೋಗಿ ಬಂದು, ಆಮೇಲೆ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಆಯುಧ ಕೈತಪ್ಪಿ ಗುಜರಿಗೆ ಹೋಗಿದೆ. ಋಣ ನೋಡಿ, ಬಕೆಟ್ಟಿನ ನೆಪದಲ್ಲಿ ನಿಮ್ಮ ಕೈಗೇ ವಾಪಸು ಬಂದಿದೆ."

"ಕೋಳಿ ಕೊಯ್ದಾಗ ತೋಟಕ್ಕೆ ಹೋಗ್ತಿದ್ದಿದ್ದು?" ಅಂದರು ಶಾರದಮ್ಮನವರು.

"ಯುದ್ಧ ನೋಡಿದೋರಿಗೆ ರಕ್ತ ನೋಡೋಕಾಗಲ್ಲಮ್ಮ," ಅಂದರು ಗಂಗಾಧರ ಅವರು. ಸಾಕಮ್ಮ ಹೌದು ಹೌದು ಅಂತ ತಲೆಯಾಡಿಸಿದರು. ಅವರ ಯಜಮಾನರೂ ಹಾಗೇ ಅಂತೆ.

ಶಾರದಮ್ಮನವರು ಸುಬೇದಾರರನ್ನು ನೋಡಿದರು. ಮಗನನ್ನು ನೋಡಿದರು; ಮಗ ನೆಲ ನೋಡುತ್ತಿದ್ದರು. ಆಮೇಲೆ ಬಾಗಿಲಲ್ಲಿದ್ದ ಮೊಮ್ಮಗಳನ್ನು ನೋಡಿದರು. ಅವಳನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಇರಬಹುದಪ್ಪ," ಅಂದರು. "ಮಾವನೋರು ಮಾತು ಕಮ್ಮಿ."

ಗಂಗಾಧರ ಅವರು ಅಲ್ಲೇ ಕ್ಯಾಲೆಂಡರ್ ಕೇಳಿದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ತರಲು ಓಡಿದಳು. ಅರವಿಂದ್ ಕೂತ ಜಾಗದಲ್ಲೇ ನಿಖಿತಾಳ ಕಡೆ ನೋಡಿ ನಕ್ಕ. ಆ ಗದ್ದಲದಲ್ಲಿ ಶಾರದಮ್ಮನವರು ನನ್ನ ಪಕ್ಕದ ಕುರ್ಚಿಗೆ ಬಂದು ಕೂತು, ಯಾರಿಗೂ ಕೇಳದ ಹಾಗೆ ಹೇಳಿದರು.

"ಮಂಜುನಾಥಪ್ಪ, ನಮ್ಮ ಮಾವ ಯುದ್ಧಕ್ಕೆ ಹೋಗ್ಲಿಲ್ಲ ಅಂತ ಗೊತ್ತಿದ್ದೋಳು ಭೂಮಿ ಮೇಲೆ ನಾನೊಬ್ಳೇ ಇದ್ದೆ. ಇನ್ಮೇಲೆ ನನಗೂ ಗೊತ್ತಿಲ್ಲ." ಆಮೇಲೆ ಮೊಮ್ಮಗಳ ಕಡೆ ತಿರುಗಿ ದನಿ ಎತ್ತಿದರು. "ಕಾಫಿ ಕೊಡಮ್ಮ ನಿಖಿತಾ, ಆರಿ ಹೋಗ್ತಿದೆ."